ಯುದ್ಧ ಗೆದ್ದ ಚರ್ಚಿಲ್ ಚುನಾವಣೆ ಸೋತದ್ದು ಯಾಕೆ?

1945ರ ಜುಲೈ 25ರಂದು ವಿನ್ಸ್‌ಟನ್ ಚರ್ಚಿಲ್ ಜರ್ಮನಿಯ ಪಾಟ್ಸ್‌ಡಾಮ್‌ನಿಂದ ವಿಮಾನ ಹತ್ತಿ ಲಂಡನ್ನಿಗೆ ಬಂದರು. ಸ್ಟಾಲಿನ್ ಮತ್ತು ಟ್ರೂಮನ್ ಜೊತೆ ಅಲ್ಲಿ ನಡೆಯುತ್ತಿದ್ದ ಮಾತುಕತೆ ಇನ್ನೂ ಮುಗಿದಿರಲಿಲ್ಲ. ಹಿಟ್ಲರ್ ಸೋತ ಮೇಲೆ ಯೂರೋಪನ್ನು ಏನು ಮಾಡಬೇಕು ಅನ್ನುವ ದೊಡ್ಡ ಮಾತುಕತೆ ಅದು. ನಡುವೆ ಎರಡು ದಿನ ಬಿಡುವು ಸಿಕ್ಕಿತ್ತು. ಊರಿಗೆ ಹೋಗಿ ಚುನಾವಣೆಯ ಫಲಿತಾಂಶ ನೋಡಿಕೊಂಡು ಬಂದರಾಯಿತು ಅಂತ ಲೆಕ್ಕ.

ಮಾತುಕತೆಗೆ ವಾಪಸ್ ಬಂದ ಬ್ರಿಟನ್ನಿನ ಪ್ರಧಾನಿ ಬೇರೆಯವರು. ಕ್ಲೆಮೆಂಟ್ ಅಟ್ಲಿ. ಬೋಳು ತಲೆ, ಬಾಯಲ್ಲಿ ಪೈಪು, ಕೇಳಿದ್ದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡುವ ಮನುಷ್ಯ. ಅವರದು ಕಾರ್ಮಿಕರ ಪರವಾದ ಲೇಬರ್ ಪಕ್ಷ. ಅದಕ್ಕೆ 640ರಲ್ಲಿ 393 ಸೀಟು ಬಂದಿತ್ತು. ಚರ್ಚಿಲ್ ಅವರ ಕನ್ಸರ್ವೇಟಿವ್ ಪಕ್ಷ ಮತ್ತು ಅದರ ಮಿತ್ರರು 213ಕ್ಕೆ ಇಳಿದಿದ್ದರು. ಲಿಬರಲ್ ಪಕ್ಷಕ್ಕೆ ಬರೀ 12. ಲೇಬರ್ ಪಕ್ಷ ಸ್ವಂತ ಬಹುಮತದ ಸರ್ಕಾರ ಮಾಡಿದ್ದು ಅದೇ ಮೊದಲು.

ಇದನ್ನು ಕೇಳಿದವರೆಲ್ಲ ಆಗಲೂ ಕೇಳಿದ ಪ್ರಶ್ನೆ, ಈಗಲೂ ಕೇಳುವ ಪ್ರಶ್ನೆ ಒಂದೇ. ಐದು ವರ್ಷ ದೇಶವನ್ನು ಕಾಪಾಡಿದವರನ್ನು ಜನ ಹೀಗೆ ಕೈಬಿಡುತ್ತಾರಾ? ಇಷ್ಟೊಂದು ಕೃತಘ್ನರಾ?

ನನಗೆ ಈ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ. ಆ ಜನ ಮತ ಹಾಕಿದ್ದು ಆಗತಾನೆ ಮುಗಿದ ಯುದ್ಧದ ಬಗ್ಗೆ ಅಲ್ಲ. ಅದಕ್ಕೂ ಹಿಂದಿನ ಯುದ್ಧ ಮುಗಿದ ಮೇಲೆ ತಮಗೆ ಏನಾಯಿತು ಅನ್ನುವುದರ ಬಗ್ಗೆ. ಹಾಗಾಗಿ ಕಥೆಯನ್ನು 1945ರಿಂದ ಶುರು ಮಾಡಿದರೆ ಅರ್ಥವಾಗುವುದಿಲ್ಲ. 1918ಕ್ಕೆ ಹೋಗಬೇಕು.

ಮೊದಲ ಸಲದ ಮಾತು

ಮೊದಲ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ. ಒಂದು ತಿಂಗಳು ಕಳೆಯುತ್ತಿದ್ದಂತೆ, ಡಿಸೆಂಬರ್ 14ಕ್ಕೆ, ಬ್ರಿಟನ್ನಿನಲ್ಲಿ ಚುನಾವಣೆ ನಡೆಯಿತು. ಆಗಿನ ಪ್ರಧಾನಿ ಲಿಬರಲ್ ಪಕ್ಷದ ಡೇವಿಡ್ ಲಾಯ್ಡ್ ಜಾರ್ಜ್. ಯುದ್ಧ ಗೆಲ್ಲಿಸಿದವರು ಅನ್ನುವ ಹೆಸರು ಅವರಿಗಿತ್ತು. ಅವರೂ ಕನ್ಸರ್ವೇಟಿವ್ ನಾಯಕ ಬೋನರ್ ಲಾ ಅವರೂ ಸಹಿ ಹಾಕಿದ ಒಂದು ಪತ್ರ ಕೈಯಲ್ಲಿದ್ದರೆ ಸಾಕು, ಅಭ್ಯರ್ಥಿ ಗೆದ್ದಂತೆಯೇ. ಆ ಪತ್ರಕ್ಕೆ ಜನ ‘ಕೂಪನ್’ ಅಂತ ಅಡ್ಡಹೆಸರಿಟ್ಟರು. ಸಮ್ಮಿಶ್ರ ಸರ್ಕಾರ ಭಾರಿ ಬಹುಮತದಿಂದ ಗೆದ್ದಿತು.

ಆ ಚುನಾವಣೆಯಲ್ಲಿ 30 ವರ್ಷ ದಾಟಿದ ಹೆಂಗಸರಲ್ಲಿ ಬಹುಪಾಲು ಮಂದಿಗೆ ಮೊದಲ ಸಲ ಮತದ ಹಕ್ಕು ಸಿಕ್ಕಿತ್ತು. 21 ದಾಟಿದ ಗಂಡಸರೆಲ್ಲ ಮತದಾರರಾಗಿದ್ದರು. ಮತದಾರರ ಸಂಖ್ಯೆ ಸುಮಾರು 77 ಲಕ್ಷದಿಂದ 2 ಕೋಟಿ ದಾಟಿತ್ತು. ಹೊಸದಾಗಿ ಬಂದ ಈ ಬಡ ಮತದಾರರಿಗೆ ಲಾಯ್ಡ್ ಜಾರ್ಜ್ ಒಂದು ಮಾತು ಕೊಟ್ಟರು. ಯುದ್ಧದಿಂದ ಮರಳುವ ವೀರರು ಬಾಳಲು ತಕ್ಕಂಥ ದೇಶವನ್ನು ಕಟ್ಟುತ್ತೇವೆ ಅಂತ. ಮುಂದೆ ಜನರ ಬಾಯಲ್ಲಿ ಅದು ‘ವೀರರಿಗೆ ತಕ್ಕ ಮನೆಗಳು’ ಅಂತಾಯಿತು.

1919ರಲ್ಲಿ ಕಾನೂನೂ ಬಂತು. 5 ಲಕ್ಷ ಮನೆ ಕಟ್ಟುವ ಗುರಿ. ಕಟ್ಟಿದ್ದು ಅದರ ಅರ್ಧಕ್ಕಿಂತ ಕಡಿಮೆ. 1921ರಲ್ಲಿ ದುಡ್ಡಿಲ್ಲ ಅಂತ ಯೋಜನೆಗೆ ಕತ್ತರಿ ಬಿತ್ತು. ಅದೇ ವರ್ಷ ನಿರುದ್ಯೋಗಿಗಳ ಸಂಖ್ಯೆ 20 ಲಕ್ಷ ದಾಟಿತು. ಪದಕ ಎದೆಗೆ ಹಾಕಿಕೊಂಡ ಮಾಜಿ ಸೈನಿಕರು ಬೀದಿಯಲ್ಲಿ ಬೆಂಕಿಪೊಟ್ಟಣ ಮಾರುವ ದೃಶ್ಯ ಊರೂರಲ್ಲೂ ಕಾಣುತ್ತಿತ್ತು.

ಆಮೇಲೆ 1930ರ ದಶಕ ಬಂತು. ನಿರುದ್ಯೋಗ 30 ಲಕ್ಷದ ಹತ್ತಿರ ಹೋಯಿತು. 1931ರಲ್ಲಿ ಸರ್ಕಾರ ‘ಮೀನ್ಸ್ ಟೆಸ್ಟ್’ ಅನ್ನುವ ಒಂದು ನಿಯಮ ತಂದಿತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ 1945ರ ಮತಪೆಟ್ಟಿಗೆಯಲ್ಲಿ ಬಿದ್ದ ಸಿಟ್ಟಿನಲ್ಲಿ ದೊಡ್ಡ ಪಾಲು ಇದರದ್ದು. ಕೆಲಸ ಹೋದ ಮನುಷ್ಯನಿಗೆ ಕೆಲವು ತಿಂಗಳು ವಿಮೆಯ ಹಣ ಸಿಗುತ್ತಿತ್ತು. ಅದು ಮುಗಿದ ಮೇಲೂ ಕೆಲಸ ಸಿಗದಿದ್ದರೆ ಸರ್ಕಾರದ ಸಹಾಯ ಕೇಳಬೇಕು. ಆಗ ಮನೆಗೆ ಅಧಿಕಾರಿ ಬರುತ್ತಿದ್ದ. ಒಳಗೆ ಏನೇನು ಸಾಮಾನಿದೆ, ಯಾವುದನ್ನು ಮಾರಬಹುದು ಅಂತ ನೋಡುತ್ತಿದ್ದ. ಮನೆಯಲ್ಲಿ ಮಗನೋ ಮಗಳೋ ನಾಲ್ಕು ಕಾಸು ದುಡಿಯುತ್ತಿದ್ದರೆ ಅಪ್ಪನ ಸಹಾಯಧನದಲ್ಲಿ ಅಷ್ಟು ಕಡಿತ. ಅಪ್ಪ ಮಗಳ ಸಂಬಳದಲ್ಲಿ ಊಟ ಮಾಡುವ ಪರಿಸ್ಥಿತಿ. ಹಣ ಕಡಿಮೆಯಾಗಿದ್ದಕ್ಕಿಂತ ಈ ಅವಮಾನ ಜನರ ಮನಸ್ಸಿನಲ್ಲಿ ಜಾಸ್ತಿ ಉಳಿಯಿತು.

ಇಂಗ್ಲೆಂಡಿನ ಈಶಾನ್ಯದಲ್ಲಿ ಜಾರೋ ಅಂತ ಒಂದು ಊರಿದೆ. ಹಡಗು ಕಟ್ಟುವ ಕಾರ್ಖಾನೆಯೇ ಅದರ ಜೀವ. ಅದು ಮುಚ್ಚಿತು. 1936ರ ಅಕ್ಟೋಬರ್‌ನಲ್ಲಿ ಆ ಊರಿನ 200 ಗಂಡಸರು ಕೆಲಸ ಕೊಡಿ ಅನ್ನುವ ಮನವಿ ಪತ್ರ ಹೊತ್ತು ಲಂಡನ್ನಿನ ತನಕ ನಡೆದರು. 400 ಕಿಲೋಮೀಟರಿಗಿಂತ ಹೆಚ್ಚು ದಾರಿ. ಅವರ ಜೊತೆ ಆಗಾಗ ಹೆಜ್ಜೆ ಹಾಕಿದವರು ಅವರ ಸಂಸದೆ ಎಲೆನ್ ವಿಲ್ಕಿನ್ಸನ್. ಪ್ರಧಾನಿ ಸ್ಟ್ಯಾನ್ಲಿ ಬಾಲ್ಡ್‌ವಿನ್ ಅವರನ್ನು ಭೇಟಿ ಮಾಡಲೂ ಒಪ್ಪಲಿಲ್ಲ. ಒಂಬತ್ತು ವರ್ಷದ ನಂತರ ವಿಲ್ಕಿನ್ಸನ್ ಅಟ್ಲಿ ಸಂಪುಟದಲ್ಲಿ ಶಿಕ್ಷಣ ಸಚಿವೆಯಾದರು.

ಈ ಇಪ್ಪತ್ತು ವರ್ಷದಲ್ಲಿ ಹೆಚ್ಚು ಕಾಲ ಆಳಿದ್ದು ಕನ್ಸರ್ವೇಟಿವರು, ಇಲ್ಲವೇ ಅವರೇ ದೊಡ್ಡ ಪಾಲುದಾರರಾಗಿದ್ದ ಸರ್ಕಾರಗಳು. 1938ರಲ್ಲಿ ಮ್ಯೂನಿಕ್‌ಗೆ ಹೋಗಿ ಹಿಟ್ಲರ್ ಜೊತೆ ರಾಜಿ ಮಾಡಿಕೊಂಡು ಬಂದ ಚೇಂಬರ್ಲೇನ್ ಕೂಡ ಅದೇ ಪಕ್ಷದವರು. ಆ ರಾಜಿಯನ್ನು ಚರ್ಚಿಲ್ ಕಟುವಾಗಿ ಟೀಕಿಸಿದ್ದರು, ನಿಜ. ಆದರೆ 1940ರಲ್ಲಿ ಚೇಂಬರ್ಲೇನ್ ಬಿಟ್ಟ ಪಕ್ಷದ ನಾಯಕತ್ವವನ್ನು ಚರ್ಚಿಲ್ಲೇ ವಹಿಸಿಕೊಂಡರು. ಆ ಪಕ್ಷದ ಹಳೇ ಸಾಲವೆಲ್ಲ ಅವರ ಲೆಕ್ಕಕ್ಕೆ ಬಂತು.

ಯುದ್ಧದ ನಡುವೆ ಬಂದ ಒಂದು ವರದಿ

1940ರ ಮೇ ತಿಂಗಳಲ್ಲಿ ಚರ್ಚಿಲ್ ಪ್ರಧಾನಿಯಾದಾಗ ಎಲ್ಲ ಪಕ್ಷಗಳೂ ಸೇರಿದ ಸರ್ಕಾರ ರಚಿಸಿದರು. ಇಲ್ಲಿ ಒಂದು ವಿಷಯವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಯುದ್ಧದ ನಿರ್ವಹಣೆಯನ್ನು ಚರ್ಚಿಲ್ ತಮ್ಮ ಕೈಯಲ್ಲಿ ಇಟ್ಟುಕೊಂಡರು. ದೇಶದ ಒಳಗಿನ ಆಡಳಿತದ ಬಹುಪಾಲು ಲೇಬರ್ ನಾಯಕರ ಕೈಗೆ ಹೋಯಿತು. ಅಟ್ಲಿ ಉಪಪ್ರಧಾನಿ. ಕಾರ್ಮಿಕ ಸಂಘದಿಂದ ಬಂದ ಅರ್ನೆಸ್ಟ್ ಬೆವಿನ್ ಕಾರ್ಮಿಕ ಸಚಿವರು. ಯಾರು ಗಣಿಗೆ ಹೋಗಬೇಕು, ಯಾರು ಕಾರ್ಖಾನೆಗೆ ಹೋಗಬೇಕು ಅಂತ ತೀರ್ಮಾನಿಸುತ್ತಿದ್ದುದು ಅವರ ಇಲಾಖೆ. ಹರ್ಬರ್ಟ್ ಮಾರಿಸನ್ ಗೃಹ ಸಚಿವರು. ಅಂದರೆ 1945ರ ಹೊತ್ತಿಗೆ ಲೇಬರ್ ನಾಯಕರು ಜನರಿಗೆ ಹೊಸಬರಲ್ಲ. ಐದು ವರ್ಷ ಆಡಳಿತ ನಡೆಸಿ ತೋರಿಸಿದವರು.

ಇನ್ನೊಂದು ಕಡೆ ಯುದ್ಧವೇ ಜನರಿಗೆ ಒಂದು ಪಾಠ ಹೇಳಿಕೊಟ್ಟಿತು. ದುಡ್ಡಿಲ್ಲ, ಏನೂ ಮಾಡಲಾಗದು ಅಂತ ಮೂವತ್ತರ ದಶಕದಲ್ಲಿ ಹೇಳುತ್ತಿದ್ದ ಸರ್ಕಾರ ಈಗ ಎಲ್ಲವನ್ನೂ ಮಾಡುತ್ತಿತ್ತು. ನಿರುದ್ಯೋಗ ಮಾಯವಾಯಿತು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಬಿಟ್ಟಿಯಾಗಿಯೋ ಕಡಿಮೆ ಬೆಲೆಗೋ ಹಾಲು ಸಿಗತೊಡಗಿತು. 1940ರ ಜನವರಿಯಿಂದ ಬೆಣ್ಣೆ, ಸಕ್ಕರೆ, ಬೇಕನ್ ರೇಷನ್ನಿಗೆ ಬಂದವು. ರೇಷನ್ ಅಂದರೆ ಎಲ್ಲರೂ ಗೊಣಗುತ್ತಾರೆ, ಅವರೂ ಗೊಣಗಿದರು. ಆದರೆ ಶ್ರೀಮಂತನಿಗೂ ಬಡವನಿಗೂ ಅದೇ ಅಳತೆ ಅನ್ನುವುದು ಅವರಿಗೆ ಹಿಡಿಸಿತು. ಲಂಡನ್ನಿನ ಕೊಳೆಗೇರಿ ಮಕ್ಕಳನ್ನು ಬಾಂಬಿಗೆ ಹೆದರಿ ಹಳ್ಳಿಗಳಿಗೆ ಸಾಗಿಸಿದಾಗ, ಅನುಕೂಲಸ್ಥರ ಮನೆಯವರು ಬಡತನವನ್ನು ಮೊದಲ ಸಲ ಹತ್ತಿರದಿಂದ ಕಂಡರು. ಯುದ್ಧಕ್ಕೆ ಇಷ್ಟೆಲ್ಲ ಮಾಡಲು ಆಗುವುದಾದರೆ ಶಾಂತಿ ಕಾಲದಲ್ಲಿ ಯಾಕೆ ಆಗಬಾರದು ಅಂತ ಪ್ರಶ್ನೆ ಹುಟ್ಟುವುದು ಸಹಜ, ಅಲ್ವಾ?

ಈ ಪ್ರಶ್ನೆಗೆ ಉತ್ತರದ ರೂಪ ಕೊಟ್ಟವರು ವಿಲಿಯಂ ಬೆವರಿಜ್. ಇವರು ಹುಟ್ಟಿದ್ದು ಆಗಿನ ಬಂಗಾಳದ ರಂಗ್‌ಪುರದಲ್ಲಿ. ಅಪ್ಪ ಐಸಿಎಸ್ ಅಧಿಕಾರಿ. 1941ರಲ್ಲಿ ಸರ್ಕಾರ ಇವರಿಗೆ ಒಂದು ನೀರಸ ಕೆಲಸ ವಹಿಸಿತು. ದೇಶದಲ್ಲಿ ಚದುರಿ ಹೋಗಿರುವ ವಿಮಾ ಯೋಜನೆಗಳನ್ನೆಲ್ಲ ನೋಡಿ ಒಂದು ವರದಿ ಕೊಡಿ ಅಂತ. ಬೆವರಿಜ್ ಅದನ್ನು ಸುಮ್ನೆ ಲೆಕ್ಕಪತ್ರದ ಕೆಲಸವಾಗಿ ಮುಗಿಸಲಿಲ್ಲ. ಕೊರತೆ, ಕಾಯಿಲೆ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ದೇಶ ಸೋಲಿಸಬೇಕು ಅಂತ ಬರೆದರು.

ಅವರ ಯೋಜನೆಯ ತಿರುಳು ಸರಳ. ದುಡಿಯುವವರೆಲ್ಲರೂ ವಾರಕ್ಕೊಮ್ಮೆ ಒಂದೇ ಮೊತ್ತದ ವಂತಿಗೆ ಕಟ್ಟಬೇಕು. ಮಾಲೀಕರೂ ಸರ್ಕಾರವೂ ತಮ್ಮ ಪಾಲು ಹಾಕಬೇಕು. ಕಾಯಿಲೆ ಬಂದರೆ, ಕೆಲಸ ಹೋದರೆ, ಮುಪ್ಪಾದರೆ, ಗಂಡ ತೀರಿಕೊಂಡರೆ ಅದರಿಂದ ಹಣ ಬರುತ್ತದೆ. ಇದು ದಾನವಲ್ಲ, ಕಟ್ಟಿದ ಹಣಕ್ಕೆ ಸಿಗುವ ಹಕ್ಕು. ಹಾಗಾಗಿ ಯಾವ ಅಧಿಕಾರಿಯೂ ಮನೆಗೆ ಬಂದು ಕುರ್ಚಿ ಎಣಿಸುವಂತಿಲ್ಲ. ಇದೆಲ್ಲ ನಡೆಯಬೇಕಾದರೆ ಮಕ್ಕಳ ಭತ್ಯೆ, ಎಲ್ಲರಿಗೂ ಆರೋಗ್ಯ ಸೇವೆ, ಎಲ್ಲರಿಗೂ ಕೆಲಸ ಇರಬೇಕು ಅಂತಲೂ ಬೆವರಿಜ್ ಸೇರಿಸಿದರು. ಮೀನ್ಸ್ ಟೆಸ್ಟ್ ಅನುಭವಿಸಿದ ಮನೆಯವರಿಗೆ ಇದು ಹೇಗೆ ಕೇಳಿಸಿರಬಹುದು ಯೋಚಿಸಿ.

ವರದಿ ಹೊರಬಂದದ್ದು 1942ರ ಡಿಸೆಂಬರ್‌ನಲ್ಲಿ. ಅದಕ್ಕೆ ಕೆಲವೇ ವಾರ ಮುಂಚೆ ಈಜಿಪ್ಟಿನ ಎಲ್ ಅಲಮೇನ್‌ನಲ್ಲಿ ಬ್ರಿಟಿಷ್ ಸೇನೆ ಗೆದ್ದಿತ್ತು. ಯುದ್ಧ ಗೆಲ್ಲುತ್ತೇವೆ ಅನ್ನುವ ನಂಬಿಕೆ ಬಂದ ಕ್ಷಣದಲ್ಲೇ, ಗೆದ್ದ ಮೇಲೆ ಏನು ಅನ್ನುವ ಪುಸ್ತಕ ಕೈಗೆ ಬಂತು. ಸರ್ಕಾರಿ ಪ್ರಕಟಣೆಗಳ ಅಂಗಡಿ ಮುಂದೆ ಜನ ಸಾಲು ನಿಂತರು. ಸಂಕ್ಷಿಪ್ತ ಆವೃತ್ತಿಯೂ ಸೇರಿ 6 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು. ಒಂದು ಸರ್ಕಾರಿ ವರದಿ!

ಚರ್ಚಿಲ್ ಮಾತ್ರ ಹಿಂದೇಟು ಹಾಕಿದರು. ಅವರ ಗಮನವೆಲ್ಲ ಯುದ್ಧದ ಮೇಲೆ. ಯುದ್ಧ ಮುಗಿಯುವ ಮೊದಲು ಇಷ್ಟು ಖರ್ಚಿನ ಮಾತು ಕೊಡಬಾರದು ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾಗದು, ಖಜಾನೆ ನಿಜಕ್ಕೂ ಖಾಲಿಯಾಗುತ್ತಿತ್ತು. ಆದರೆ ಜನರಿಗೆ ಅದು ಬೇರೆಯೇ ಆಗಿ ಕೇಳಿಸಿತು. 1918ರ ನಂತರ ಕೇಳಿದ ‘ನೋಡೋಣ’ ಮತ್ತೆ ಕೇಳಿದಂತಾಯಿತು. 1943ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಚರ್ಚೆ ನಡೆದಾಗ, ಸಚಿವರಲ್ಲದ ಲೇಬರ್ ಸದಸ್ಯರು ಹೆಚ್ಚೂಕಡಿಮೆ ಎಲ್ಲರೂ ತಮ್ಮದೇ ಪಕ್ಷ ಪಾಲುದಾರನಾಗಿದ್ದ ಸರ್ಕಾರದ ವಿರುದ್ಧ ಮತ ಹಾಕಿದರು. ಸರ್ಕಾರ ಉಳಿಯಿತು, ಆದರೆ ಯಾರು ಯಾವ ಕಡೆ ಅಂತ ದೇಶಕ್ಕೆ ಗೊತ್ತಾಯಿತು.

ನನ್ನ ಪ್ರಕಾರ ಚುನಾವಣೆ ಅಲ್ಲೇ ತೀರ್ಮಾನವಾಗಿತ್ತು. ಅದೇ 1943ರಿಂದ ಜನಾಭಿಪ್ರಾಯ ಅಳೆಯುವ ಗ್ಯಾಲಪ್ ಸಮೀಕ್ಷೆಗಳು ಲೇಬರ್ ಮುಂದಿದೆ ಅಂತ ತೋರಿಸತೊಡಗಿದವು. ‘ನ್ಯೂಸ್ ಕ್ರಾನಿಕಲ್’ ಪತ್ರಿಕೆ ಅವನ್ನು ಅಚ್ಚು ಹಾಕುತ್ತಲೇ ಇತ್ತು. ಉಪಚುನಾವಣೆಗಳೂ ಸುಳಿವು ಕೊಟ್ಟವು. ಯುದ್ಧ ಮುಗಿಯುವ ತನಕ ಒಬ್ಬರ ಸೀಟಿಗೆ ಇನ್ನೊಬ್ಬರು ಸ್ಪರ್ಧಿಸುವುದಿಲ್ಲ ಅಂತ ದೊಡ್ಡ ಪಕ್ಷಗಳು ಒಪ್ಪಂದ ಮಾಡಿಕೊಂಡಿದ್ದವು. ಆದರೂ ಕಾಮನ್ ವೆಲ್ತ್ ಅನ್ನುವ ಪುಟ್ಟ ಎಡಪಂಥೀಯ ಪಕ್ಷವೊಂದು ಎಡಿಸ್‌ಬರಿ, ಸ್ಕಿಪ್ಟನ್, ಚೆಮ್ಸ್‌ಫರ್ಡ್‌ಗಳಲ್ಲಿ ಕನ್ಸರ್ವೇಟಿವ್ ಕಡೆಯವರ ಸೀಟು ಕಿತ್ತುಕೊಂಡಿತು. ಸಮೀಕ್ಷೆ ಅನ್ನುವುದು ಆಗ ಹೊಸ ವಿದ್ಯೆ. ರಾಜಕಾರಣಿಗಳೂ ಪತ್ರಕರ್ತರೂ ಅದನ್ನು ನಂಬಲಿಲ್ಲ. ಚರ್ಚಿಲ್ ಇದ್ದಾರಲ್ಲ, 1918 ಮರುಕಳಿಸುತ್ತದೆ ಅಂತಲೇ ಎಲ್ಲರ ಎಣಿಕೆ.

1918ನ್ನು ಜನರೂ ನೆನಪಿಟ್ಟುಕೊಂಡಿದ್ದರು. ಅವರು ನೆನಪಿಟ್ಟುಕೊಂಡ ಭಾಗ ಬೇರೆ, ಅಷ್ಟೇ.

ಪ್ರಚಾರ

1945ರ ಮೇ 8ಕ್ಕೆ ಯೂರೋಪಿನಲ್ಲಿ ಯುದ್ಧ ಮುಗಿಯಿತು. ಜಪಾನ್ ಜೊತೆ ಇನ್ನೂ ನಡೆಯುತ್ತಿತ್ತು. ಅದು ಮುಗಿಯುವ ತನಕ ಒಟ್ಟಿಗೇ ಇರೋಣ ಅಂತ ಚರ್ಚಿಲ್ ಕೇಳಿದರು. ಲೇಬರ್ ಪಕ್ಷ ಬ್ಲ್ಯಾಕ್‌ಪೂಲ್ ಸಮ್ಮೇಳನದಲ್ಲಿ ಆಗುವುದಿಲ್ಲ ಅಂದಿತು. ಮೇ 23ಕ್ಕೆ ಚರ್ಚಿಲ್ ರಾಜೀನಾಮೆ ಕೊಟ್ಟು ಹಂಗಾಮಿ ಸರ್ಕಾರ ಮಾಡಿಕೊಂಡರು. ಹಿಂದಿನ ಸಾರ್ವತ್ರಿಕ ಚುನಾವಣೆ ನಡೆದದ್ದು 1935ರಲ್ಲಿ. ಯುದ್ಧದ ಕಾರಣಕ್ಕೆ ಸಂಸತ್ತಿನ ಅವಧಿಯನ್ನು ವರ್ಷ ವರ್ಷವೂ ಮುಂದೂಡುತ್ತ ಬಂದಿದ್ದರು. ಹಾಗಾಗಿ 30 ದಾಟದ ಯಾರೊಬ್ಬರೂ ಅದುವರೆಗೆ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿರಲಿಲ್ಲ.

ಜೂನ್ 4ರಂದು ಚರ್ಚಿಲ್ ರೇಡಿಯೋದಲ್ಲಿ ಮೊದಲ ಚುನಾವಣಾ ಭಾಷಣ ಮಾಡಿದರು. ಸಮಾಜವಾದಿ ಸರ್ಕಾರ, ಅಂದರೆ ಲೇಬರ್ ಸರ್ಕಾರ, ಬಂದರೆ ಅದು ಯಾವುದಾದರೂ ಒಂದು ಬಗೆಯ ಗೆಸ್ಟಾಪೋ ಇಲ್ಲದೆ ನಡೆಯಲಾರದು ಅಂದರು. ಗೆಸ್ಟಾಪೋ ಅಂದರೆ ಹಿಟ್ಲರನ ರಹಸ್ಯ ಪೊಲೀಸರು. ಭಾಷಣದ ಕರಡು ಓದಿದ್ದ ಹೆಂಡತಿ ಕ್ಲೆಮೆಂಟೈನ್ ಆ ಮಾತು ಬೇಡ ಅಂದಿದ್ದರು. ಕೇಳಲಿಲ್ಲ. ಎರಡು ವಾರದ ಹಿಂದಿನ ತನಕ ಪಕ್ಕದಲ್ಲೇ ಕೂತು ಹಿಟ್ಲರನ ವಿರುದ್ಧ ಹೋರಾಡಿದ ಅಟ್ಲಿ, ಬೆವಿನ್ ಅವರನ್ನೇ ಹೀಗೆ ಅಂದರೆ ಕೇಳುವವರಿಗೆ ಏನನಿಸಬೇಕು?

ಮರುದಿನ ಅಟ್ಲಿ ಉತ್ತರ ಕೊಟ್ಟರು. ಕೂಗಾಡಲಿಲ್ಲ. ಒಗ್ಗಟ್ಟಾದ ದೇಶದ ಯುದ್ಧ ನಾಯಕ ಚರ್ಚಿಲ್ ಬೇರೆ, ಕನ್ಸರ್ವೇಟಿವ್ ಪಕ್ಷದ ನಾಯಕ ಚರ್ಚಿಲ್ ಬೇರೆ ಎಂಬುದನ್ನು ಅವರೇ ತೋರಿಸಿಕೊಟ್ಟಿದ್ದಾರೆ ಅಂದರು. ಜನ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದ ಮಾತು ಅದೇ. ಚರ್ಚಿಲ್ ಮೇಲಿನ ಅಭಿಮಾನ ಬಿಡದೆಯೇ ಅವರ ಪಕ್ಷವನ್ನು ಸೋಲಿಸಬಹುದು ಅಂತ ಅಟ್ಲಿ ಒಂದು ದಾರಿ ತೆರೆದುಕೊಟ್ಟರು. ಅಟ್ಲಿಯನ್ನು ಹೇಡಿ ಅಂತಲೂ ಅನ್ನುವಂತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಹೋರಾಡಿದ ಮೇಜರ್ ಅವರು. ಗಲಿಪೊಲಿ ದಾಳಿಗೆ ಆಗ ಒತ್ತಾಯ ಮಾಡಿದ್ದು ಯಾರು ಗೊತ್ತಾ? ಚರ್ಚಿಲ್ಲೇ.

ಗೆಸ್ಟಾಪೋ ಭಾಷಣದಿಂದಲೇ ಚರ್ಚಿಲ್ ಸೋತರು ಅಂತ ಹಲವರು ಹೇಳುತ್ತಾರೆ. ಹೇಳಲು ಚೆನ್ನಾಗಿರುವ ಕಥೆ. ಆದರೆ ಲೇಬರ್ ಎರಡು ವರ್ಷದಿಂದ ಮುಂದಿತ್ತು. ಭಾಷಣ ಇಲ್ಲದಿದ್ದರೂ ಫಲಿತಾಂಶ ಬದಲಾಗುತ್ತಿತ್ತು ಅಂತ ನನಗನಿಸುವುದಿಲ್ಲ.

ವಿಚಿತ್ರ ಅಂದರೆ ಎರಡೂ ಪಕ್ಷಗಳ ಭರವಸೆಗಳಲ್ಲಿ ಅಂಥ ಅಂತರ ಇರಲಿಲ್ಲ. ವಿಮೆ, ಆರೋಗ್ಯ ಸೇವೆ, ಮನೆ ಎಲ್ಲವೂ ಕನ್ಸರ್ವೇಟಿವರ ಪ್ರಣಾಳಿಕೆಯಲ್ಲೂ ಇದ್ದವು. ಲೇಬರ್ ಪಕ್ಷ ಕಲ್ಲಿದ್ದಲು, ರೈಲು, ಉಕ್ಕು ಇವನ್ನೆಲ್ಲ ರಾಷ್ಟ್ರೀಕರಣ ಮಾಡುತ್ತೇವೆ ಅಂತ ಇನ್ನೂ ಮುಂದೆ ಹೋಗಿತ್ತು. ಆದರೆ ಬಾಂಬಿಗೆ ಮನೆ ಕಳೆದುಕೊಂಡವರಿಗೆ ಬೇಕಿದ್ದದ್ದು ಮನೆ. ಆ ಮಾತನ್ನು ಯಾರು ಉಳಿಸಿಕೊಳ್ಳುತ್ತಾರೆ ಅನ್ನುವುದಷ್ಟೇ ಪ್ರಶ್ನೆ. ಒಮ್ಮೆ ಸಾಲ ತೀರಿಸದವನಿಗೆ ಎರಡನೇ ಸಲ ಕೈಗಡ ಕೊಡುವವರು ಯಾರು?

ಚರ್ಚಿಲ್ ಹೋದಲ್ಲೆಲ್ಲ ಜನಸಾಗರ. ತೆರೆದ ಕಾರಿನಲ್ಲಿ ನಿಂತು ಎರಡು ಬೆರಳೆತ್ತಿದರೆ ಬೀದಿ ತುಂಬ ಜಯಕಾರ. ಅಟ್ಲಿಯದು ಮನೆಯ ಸಣ್ಣ ಕಾರು, ಓಡಿಸುವವರು ಹೆಂಡತಿ ವಯಲೆಟ್. ಮೇ ತಿಂಗಳ ಗ್ಯಾಲಪ್ ಸಮೀಕ್ಷೆಯಲ್ಲಿ 83% ಜನ ಚರ್ಚಿಲ್ ಅವರನ್ನು ಮೆಚ್ಚಿದ್ದರು. ಅದೇ ಜನ ಅವರ ಪಕ್ಷಕ್ಕೆ ಮತ ಹಾಕುವುದಿಲ್ಲ ಅನ್ನುತ್ತಿದ್ದರು. ಮೆರವಣಿಗೆಗೆ ಬಂದವರೆಲ್ಲ ಮತ ಹಾಕುವುದಿಲ್ಲ ಅನ್ನುವುದು ನಮ್ಮ ಊರಿನ ಗ್ರಾಮ ಪಂಚಾಯಿತಿ ಅಭ್ಯರ್ಥಿಗೂ ಗೊತ್ತು, ಬಿಡಿ.

ಮೂರು ವಾರ ಬೀಗ ಹಾಕಿಟ್ಟ ಪೆಟ್ಟಿಗೆಗಳು

ಮತದಾನ ನಡೆದದ್ದು ಜುಲೈ 5ಕ್ಕೆ. ಎಣಿಕೆ ಜುಲೈ 26ಕ್ಕೆ. ನಡುವೆ ಮೂರು ವಾರ. ಸೈನಿಕರ ಮತ ಬರಬೇಕಿತ್ತು ಅನ್ನುವುದು ಇದರ ಕಾರಣ. ಜರ್ಮನಿ, ಇಟಲಿ, ಈಜಿಪ್ಟ್, ಬರ್ಮಾ ಗಡಿ ಹೀಗೆ ಜಗತ್ತಿನ ಮೂಲೆ ಮೂಲೆಯಲ್ಲಿದ್ದ ಬ್ರಿಟಿಷ್ ಸೈನಿಕರ ಮತಪತ್ರಗಳನ್ನು ವಿಮಾನದಲ್ಲಿ ತರಿಸಿದರು. ಕೆಲವರ ಪರವಾಗಿ ಮನೆಯವರು ಮತ ಹಾಕಿದರು. ಒಟ್ಟು ಸುಮಾರು 17 ಲಕ್ಷ ಸೈನಿಕರ ಮತ ಚಲಾವಣೆಯಾಯಿತು. ಅದೇ ಬರ್ಮಾದಲ್ಲಿ ಪಕ್ಕದಲ್ಲೇ ಹೋರಾಡುತ್ತಿದ್ದ ಭಾರತೀಯ ಸೈನಿಕರಿಗೆ ಈ ಚುನಾವಣೆಯಲ್ಲಿ ಮತವಿರಲಿಲ್ಲ. ಅವರ ದೇಶದ ಹಣೆಬರಹವೂ ಆ ಪೆಟ್ಟಿಗೆಗಳಲ್ಲೇ ಇತ್ತು ಅನ್ನುವುದು ಬೇರೆ ಮಾತು.

ಸೋತ ಮೇಲೆ ಕನ್ಸರ್ವೇಟಿವರು ಸೈನಿಕರನ್ನೇ ದೂರಿದರು. 1941ರಲ್ಲಿ ಸೇನೆ ಒಂದು ವಿಭಾಗ ತೆರೆದಿತ್ತು. ಸೈನಿಕರನ್ನು ಕೂರಿಸಿಕೊಂಡು ದೇಶದ ಆಗುಹೋಗು ಚರ್ಚೆ ಮಾಡಿಸುವುದು ಅದರ ಕೆಲಸ. ಅಲ್ಲಿ ಎಡಪಂಥೀಯ ಮೇಷ್ಟ್ರುಗಳು ಹುಡುಗರ ತಲೆ ಕೆಡಿಸಿದರು ಅಂತ ಆಪಾದನೆ. ಲೆಕ್ಕ ನೋಡಿದರೆ ಇದು ನಿಲ್ಲುವುದಿಲ್ಲ. ಒಟ್ಟು ಬಿದ್ದ ಮತ ಸುಮಾರು 2.5 ಕೋಟಿ. ಸೈನಿಕರದ್ದು ಅದರಲ್ಲಿ 7%. ಎರಡು ಕಡೆಯ ಅಂತರವೇ ಅದಕ್ಕಿಂತ ಜಾಸ್ತಿ. ಸೈನಿಕರ ಒಂದು ಮತವನ್ನೂ ಎಣಿಸದಿದ್ದರೂ ಲೇಬರ್ ಗೆಲ್ಲುತ್ತಿತ್ತು.

ಇನ್ನು ಗೆಲುವು ಇಷ್ಟು ದೊಡ್ಡದಾಗಿ ಕಂಡದ್ದು ಹೇಗೆ ಅನ್ನುವುದು. ಇಲ್ಲಿ ಚುನಾವಣಾ ಪದ್ಧತಿಯ ಕೈವಾಡವಿದೆ. ಬ್ರಿಟನ್ನಿನ ಪದ್ಧತಿಯೇ ನಮ್ಮದು. ಕ್ಷೇತ್ರದಲ್ಲಿ ಯಾರಿಗೆ ಒಂದು ಮತ ಜಾಸ್ತಿಯೋ ಅವರಿಗೆ ಸೀಟು, ಉಳಿದವರಿಗೆ ಏನೂ ಇಲ್ಲ. 1935ರಲ್ಲಿ ಲೇಬರ್ ಪಕ್ಷಕ್ಕೆ 38% ಮತ, 154 ಸೀಟು. 1945ರಲ್ಲಿ ಸುಮಾರು 48% ಮತ, 393 ಸೀಟು. ಮತ ಹೆಚ್ಚಿದ್ದು ನೂರಕ್ಕೆ ಹತ್ತು. ಸೀಟು ಎರಡೂವರೆ ಪಟ್ಟಾಯಿತು. ಲಿಬರಲ್ ಪಕ್ಷಕ್ಕೆ 9% ಮತ ಬಂದರೂ ಸೀಟು ಬರೀ 12, ಯಾಕೆಂದರೆ ಅವರ ಮತ ಎಲ್ಲ ಕಡೆ ತೆಳ್ಳಗೆ ಹರಡಿತ್ತು. ನಮ್ಮಲ್ಲಿ 1984ರಲ್ಲಿ ಕಾಂಗ್ರೆಸ್ಸಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮತ ಬಂದು 400ಕ್ಕೂ ಹೆಚ್ಚು ಸೀಟು ಸಿಕ್ಕಿದ್ದು ಇದೇ ಗಣಿತದಿಂದ. ಅಂದರೆ 1945ರಲ್ಲಿ ಇಡೀ ಬ್ರಿಟನ್ ಕೆಂಪಾಯಿತು ಅಂದುಕೊಳ್ಳಬೇಡಿ. ಅರ್ಧಕ್ಕಿಂತ ಜಾಸ್ತಿ ಜನ ಲೇಬರ್‌ಗೆ ಮತ ಹಾಕಿರಲಿಲ್ಲ.

ಆದರೆ ಮತ ಬಂದ ಜಾಗ ಮುಖ್ಯ. ಗಣಿ ಊರುಗಳು, ಬಂದರು ಊರುಗಳು ಲೇಬರ್ ಕಡೆಗೇ ಇದ್ದವು. ಈ ಸಲ ಗುಮಾಸ್ತರು, ಮೇಷ್ಟ್ರುಗಳು ವಾಸಿಸುವ ಬಡಾವಣೆಗಳೂ ಒಲಿದವು. ಹರ್ಬರ್ಟ್ ಮಾರಿಸನ್ ತಮ್ಮ ಭದ್ರವಾದ ಕ್ಷೇತ್ರ ಬಿಟ್ಟು, ಮಧ್ಯಮ ವರ್ಗದವರೇ ಹೆಚ್ಚಿದ್ದ ಈಸ್ಟ್ ಲೂಯಿಶಮ್‌ನಲ್ಲಿ ನಿಂತು ಗೆದ್ದರು.

ಚರ್ಚಿಲ್ ಅವರ ವುಡ್‌ಫರ್ಡ್ ಕ್ಷೇತ್ರದಲ್ಲಿ ಲೇಬರ್, ಲಿಬರಲ್ ಎರಡೂ ಗೌರವಕ್ಕಾಗಿ ಯಾರನ್ನೂ ನಿಲ್ಲಿಸಿರಲಿಲ್ಲ. ಯಾರಿಗೂ ಪರಿಚಯವಿಲ್ಲದ ಪಕ್ಷೇತರನೊಬ್ಬ ನಿಂತು ಹತ್ತು ಸಾವಿರಕ್ಕೂ ಹೆಚ್ಚು ಮತ ತೆಗೆದ. ಚರ್ಚಿಲ್ ಮಗ ರಾಂಡಲ್ಫ್ ಸೋತರು, ಅಳಿಯ ಡಂಕನ್ ಸ್ಯಾಂಡಿಸ್ ಸೋತರು. ಮುಂದೆ ಪ್ರಧಾನಿಯಾಗಲಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್ ಸೋತರು. ಎಲ್ಲಕ್ಕಿಂತ ತಮಾಷೆಯ ಸೋಲು ಬೆವರಿಜ್ ಅವರದು. ಅವರು ಲಿಬರಲ್ ಪಕ್ಷದಿಂದ ಸಂಸದರಾಗಿದ್ದರು. ಅವರ ವರದಿಯ ಅಲೆ ಲೇಬರ್ ಪಕ್ಷವನ್ನು ದಡ ಸೇರಿಸಿತು, ಅವರು ಮಾತ್ರ ಬೆರಿಕ್ ಕ್ಷೇತ್ರದಲ್ಲಿ ಸೋತು ಮನೆಗೆ ಹೋದರು.

ಅಂದು ಸಂಜೆಯೇ ಚರ್ಚಿಲ್ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು. ಈ ಕಡೆ ಮಾರಿಸನ್ ಒಂದು ತಕರಾರು ತೆಗೆದರು. ಹೊಸ ಸಂಸದರು ಸೇರಿ ನಾಯಕನನ್ನು ಆರಿಸುವ ತನಕ ಅಟ್ಲಿ ಅರಮನೆಗೆ ಹೋಗಬಾರದು ಅಂತ. ಅವರ ಕಣ್ಣು ಆ ಕುರ್ಚಿಯ ಮೇಲಿತ್ತು. ಬೆವಿನ್ ಅಟ್ಲಿಗೆ, ನೀನು ಸೀದಾ ಅರಮನೆಗೆ ಹೋಗು ಅಂದರು. ಅಟ್ಲಿ ಹೋದರು. ಅಲ್ಲಿಗೆ ಮುಗಿಯಿತು.

ಭಾರತಕ್ಕೆ ಇದರಿಂದ ಏನಾಯಿತು

ಗಾಂಧೀಜಿಯನ್ನು ಅರೆಬೆತ್ತಲೆ ಫಕೀರ ಅಂತ ಹಂಗಿಸಿದ್ದ ಚರ್ಚಿಲ್ ಸೋತ ಸುದ್ದಿ ಇಲ್ಲಿ ಯಾರಿಗೂ ಬೇಸರ ತಂದಿರಲಾರದು. ಅವರ ಸರ್ಕಾರದಲ್ಲಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಚಿವ ಲಿಯೋ ಏಮರಿ ಕೂಡ ಸೋತರು. ಏಮರಿ ಹುಟ್ಟಿದ್ದು ಗೋರಖ್‌ಪುರದಲ್ಲಿ. 1943ರ ಬಂಗಾಳದ ಬರಗಾಲದ ಹೊತ್ತಿಗೆ ಆ ಖಾತೆ ಅವರದೇ. ಬರ್ಮಿಂಗ್‌ಹ್ಯಾಮ್‌ನ ಸ್ಪಾರ್ಕ್‌ಬ್ರುಕ್ ಕ್ಷೇತ್ರದಲ್ಲಿ ಅವರ ಎದುರು ಕಮ್ಯುನಿಸ್ಟ್ ಅಭ್ಯರ್ಥಿಯಾಗಿ ನಿಂತವರು ಬಂಗಾಳಿ ವೈದ್ಯರೊಬ್ಬರ ಮಗ ರಜನಿ ಪಾಮ್ ದತ್. ದತ್ ಠೇವಣಿ ಕಳೆದುಕೊಂಡರು. ಗೆದ್ದದ್ದು ಲೇಬರ್.

ಚರ್ಚಿಲ್ ಸೋತದ್ದರಿಂದಲೇ ನಮಗೆ ಸ್ವಾತಂತ್ರ್ಯ ಬಂತು ಅನ್ನುವವರಿದ್ದಾರೆ. ಅಷ್ಟು ಸುಲಭವಲ್ಲ. ಯುದ್ಧ ಮುಗಿದಾಗ ಬ್ರಿಟನ್ ದಿವಾಳಿಯಂಚಿನಲ್ಲಿತ್ತು. ಭಾರತಕ್ಕೇ ನೂರು ಕೋಟಿ ಪೌಂಡಿಗಿಂತ ಹೆಚ್ಚು ಬಾಕಿ ಕೊಡಬೇಕಿತ್ತು. 1945ರ ಕೊನೆಯಲ್ಲಿ ಆಜಾದ್ ಹಿಂದ್ ಸೇನೆಯ ಅಧಿಕಾರಿಗಳ ವಿಚಾರಣೆಗೆ ದೇಶವೇ ಸಿಡಿದೆದ್ದಿತು. 1946ರ ಫೆಬ್ರವರಿಯಲ್ಲಿ ಬೊಂಬಾಯಿಯಲ್ಲಿ ನೌಕಾಪಡೆಯವರು ಬಂಡಾಯವೆದ್ದರು. ಯಾರೇ ಗೆದ್ದಿದ್ದರೂ ಬಹಳ ದಿನ ಹಿಡಿದುಕೊಂಡಿರಲು ಆಗುತ್ತಿರಲಿಲ್ಲ. ಆದರೆ ಚರ್ಚಿಲ್ ಇದ್ದಿದ್ದರೆ ಇನ್ನಷ್ಟು ಎಳೆದಾಡುತ್ತಿದ್ದರು ಅನ್ನುವುದಂತೂ ನನ್ನ ನಂಬಿಕೆ. ಅಟ್ಲಿ ಹಿಂದೆ ಸೈಮನ್ ಆಯೋಗದ ಸದಸ್ಯರಾಗಿ ಇಲ್ಲಿಗೆ ಬಂದು ಕಪ್ಪು ಬಾವುಟ ನೋಡಿ ಹೋದವರು. 1946ರಲ್ಲಿ ಕ್ಯಾಬಿನೆಟ್ ಆಯೋಗ ಕಳಿಸಿದರು. 1947ರ ಫೆಬ್ರವರಿ 20ರಂದು, 1948ರ ಜೂನ್ ಒಳಗೆ ಹೊರಡುತ್ತೇವೆ ಅಂತ ಸಂಸತ್ತಿನಲ್ಲಿ ಗಡುವು ಹೇಳಿದರು. ಆಮೇಲೆ ಅದು ಇನ್ನೂ ಹಿಂದಕ್ಕೆ ಬಂದು ಆಗಸ್ಟ್ 15 ಆಯಿತು. ಆ ಆತುರದ ಬೆಲೆಯನ್ನು ಪಂಜಾಬ್, ಬಂಗಾಳದ ಜನ ತೆತ್ತರು. ಮೈಸೂರಿನಂಥ ಸಂಸ್ಥಾನಗಳ ಮೇಲಿನ ಬ್ರಿಟಿಷರ ಅಧಿಕಾರವೂ ಅದೇ ದಿನ ಮುಗಿಯಿತು. ಜವಾಬ್ದಾರಿ ಸರ್ಕಾರಕ್ಕಾಗಿ ಅಲ್ಲಿ ಜನ ‘ಮೈಸೂರು ಚಲೋ’ ಚಳವಳಿ ನಡೆಸಬೇಕಾಯಿತು, ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು.

ಕೊಟ್ಟ ಮಾತು ಈ ಸಲ ಏನಾಯಿತು

ಮತದಾನದ ದಿನದಿಂದ ಸರಿಯಾಗಿ ಮೂರು ವರ್ಷಕ್ಕೆ, 1948ರ ಜುಲೈ 5ರಂದು, ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದನ್ನು ತಂದವರು ವೇಲ್ಸಿನ ಗಣಿ ಕಾರ್ಮಿಕನ ಮಗ ಅನೈರಿನ್ ಬೆವನ್. ವೈದ್ಯರನ್ನು ನೋಡಲು ದುಡ್ಡು ಕೊಡಬೇಕಿಲ್ಲ ಅನ್ನುವುದು ಜಾರಿಗೆ ಬಂತು. ರಾಷ್ಟ್ರೀಯ ವಿಮೆಯೂ ಅದೇ ದಿನ ಬಂತು. ಕಲ್ಲಿದ್ದಲು, ರೈಲು, ಬ್ಯಾಂಕ್ ಆಫ್ ಇಂಗ್ಲೆಂಡ್ ಸರ್ಕಾರದ ಕೈಗೆ ಬಂದವು. ಮನೆಗಳು ಮಾತ್ರ ಹೇಳಿದಷ್ಟು ಬೇಗ ಏಳಲಿಲ್ಲ. ಯುದ್ಧದಲ್ಲೂ ಇರದಿದ್ದ ಬ್ರೆಡ್ ರೇಷನ್ 1946ರಲ್ಲಿ ಬಂತು. ಸಾಲು ನಿಲ್ಲುವುದು ಜನರಿಗೆ ಸಾಕಾಗಿತ್ತು.

1950ರ ಚುನಾವಣೆಯಲ್ಲಿ ಲೇಬರ್ ಬಹುಮತ ಬರೀ 5ಕ್ಕೆ ಇಳಿಯಿತು. 1951ರಲ್ಲಿ ಮತ್ತೆ ಚುನಾವಣೆ. ಲೇಬರ್‌ಗೆ ಸುಮಾರು 1.39 ಕೋಟಿ ಮತ ಬಂತು. ಅದು 1945ರಲ್ಲಿ ಬಂದದ್ದಕ್ಕಿಂತಲೂ ಜಾಸ್ತಿ, ಎದುರಾಳಿಗಳಿಗಿಂತಲೂ ಜಾಸ್ತಿ. ಆದರೂ ಸೀಟು ಲೆಕ್ಕದಲ್ಲಿ 295ಕ್ಕೆ 321 ಆಗಿ ಸೋತಿತು. 1945ರಲ್ಲಿ ಅವರನ್ನು ಎತ್ತಿದ ಗಣಿತವೇ ಈ ಸಲ ಕೆಳಗಿಳಿಸಿತು. 76 ವರ್ಷದ ಚರ್ಚಿಲ್ ಮತ್ತೆ ಪ್ರಧಾನಿಯಾದರು. ಉಕ್ಕು ಮತ್ತು ಲಾರಿ ಸಾಗಣೆಯನ್ನು ಅವರ ಸರ್ಕಾರ ಖಾಸಗಿಯವರಿಗೆ ಮರಳಿ ಕೊಡಲು ಹೊರಟಿತು. ವಿಮೆಯನ್ನು, ಆರೋಗ್ಯ ಸೇವೆಯನ್ನು ಕಿತ್ತುಹಾಕಲಿಲ್ಲ. ವರ್ಷಕ್ಕೆ 3 ಲಕ್ಷ ಮನೆ ಕಟ್ಟುತ್ತೇವೆ ಅಂತ ಹೇಳಿ ಗೆದ್ದಿದ್ದರು. ವಸತಿ ಖಾತೆ ಕೊಟ್ಟದ್ದು 1945ರಲ್ಲಿ ಸೋತಿದ್ದ ಮ್ಯಾಕ್‌ಮಿಲನ್‌ಗೆ. 1953ರಲ್ಲಿ ಆ ಗುರಿ ಮುಟ್ಟಿದರು.